ಅಲಗು ಅಲುಗದಂತೆ ಹಿಡಿಯುವ ಯಂತ್ರ

ಕಪಿಲೆಯು ಕಾವೇರಿಯನ್ನು ಕೂಡುವ ತಿರುಮಕೂಡಲು ನರಸೀಪುರದಲ್ಲಿ ೧೯೬೦ರ ಸುಮಾರಿಗೆ ಡಾ. ಎಂ. ಶೇಷಾದ್ರಿಯವರು ನಡೆಸಿದ ಉತ್ಖನನದಿಂದ ನವಶಿಲಾಯುಗದ ವಸತಿಯೊಂದು ಬೆಳಕಿಗೆ ಬಂದಿತು. ಆ ಯುಗದ ಮುಖ್ಯ ಉಪಕರಣವೆಂದರೆ ಉಜ್ಜಿ ನಯಗೊಳಿಸಿದ ಕಲ್ಲುಕೊಡಲಿ. ಚಕ್ಕೆಯೆಬ್ಬಿಸಿ, ಕುಟ್ಟಿ ರೂಪಕ್ಕೆ ತಂದ ಕಲ್ಲನ್ನು ಕೊನೆಯಲ್ಲಿ ನೀರು ಮರಳುಗಳೊಡನೆ ಬಂಡೆಯ ಮೇಲೆ ತಿಕ್ಕಿ ಬಾಯಿ ತರುತ್ತಿದ್ದರು. ಇಲ್ಲಿ ಬಂಡೆ ನಿಶ್ಚಲ. ಕೈಯಲ್ಲಿರುವ ಕೊಡಲಿಯೇ ಚಲಿಸತಕ್ಕದ್ದು. ಉಕ್ಕಿನ ಅಲಗನ್ನು ಅರದಿಂದ ಉಜ್ಜುವವನ ಸ್ಥಿತಿ ಇದಕ್ಕೆ ತದ್ವಿರುದ್ಧ. ಅರ ಚಲಿಸಬೇಕು, ಅಲಗು ಕದಲಬಾರದು. ಎರಡು ಕೈಗಳೂ ಅರದ ಮೇಲಿರುವಾಗ ಅಲಗನ್ನು ಹಿಡಿಯುವವರಾರು?

ನಮ್ಮ ಅಡುಗೆಮನೆಯ ಈಳಿಗೆಮಣೆ ಈ ಪ್ರಶ್ನೆಗೊಂದು ಹಳೆಯ ಉತ್ತರ. ಮಣೆಯ ಮೇಲೆ ಬಿದ್ದ ದೇಹಭಾರವೇ ಅಲಗನ್ನು ಸ್ಥಿರವಾಗಿ ನಿಲ್ಲಿಸುವುದರಿಂದ ಎರಡು ಕೈಗಳೂ ಕುಂಬಳಕಾಯಿಗೆ ಮೀಸಲಾಗುತ್ತವೆ. ನೆಲದಲ್ಲಿ ಕುಳಿತು ಮರದ ತುಂಡನ್ನು ಪಾದಗಳಿಂದ ಒತ್ತಿಹಿಡಿಯುವ ಬಡಗಿಯದೂ ಇದೇ ಉಪಾಯ. ಕತ್ತಿ ಮಾಡುವವನು ಮಾತ್ರ ಕಾಲನ್ನು ಒಡ್ಡುವುದು ವಿವೇಕವಲ್ಲ; ಅವನಿಗೆ ವೈಸ್ ಬೇಕು.

ಅದೇ ಕಪಿಲೆಯ ದಂಡೆಯಲ್ಲಿ, ಪ್ರವಾಹದ ಮೇಲ್ಗಡೆಗಿರುವ ನಂಜನಗೂಡಿನ ವಿದ್ಯಾರ್ಥಿಯೊಬ್ಬನು ರಸಬಾಳೆಯ ತೋಟಕ್ಕೆಂದು ಅಂಗೈಯುದ್ದದ ಕತ್ತಿಯೊಂದನ್ನು ಮಾಡಹೊರಟಿರುವನೆಂದು ಭಾವಿಸೋಣ. ಲಾರಿಯ ಹಳೆಯ ಪಟ್ಟೆಸ್ಪ್ರಿಂಗಿನ ತುಂಡನ್ನು ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ಬೂದಿಯಲ್ಲಿ ಹೂತು ನಿಧಾನವಾಗಿ ಆರಿಸಿದರೆ ಅದು ಅರಕ್ಕೆ ಬಗ್ಗುವಷ್ಟು ಮೆತ್ತಗಾಗುವುದು. ಅದನ್ನು ವೈಸಿನ ದವಡೆಗಳ ನಡುವೆ ಇಟ್ಟು ಹಿಡಿಯನ್ನು ತಿರುಗಿಸುತ್ತಾನೆ. ತಿರುಪಿನ ಕೇಂದ್ರದಿಂದ ೧೫ ಸೆಂಟಿಮೀಟರು ದೂರದಲ್ಲಿರುವ ಕೈ ಒಂದು ಸುತ್ತಿಗೆ ಸುಮಾರು ೯೪ ಸೆಂಟಿಮೀಟರು ಚಲಿಸುತ್ತದೆ. ದವಡೆ ಮುಂದೆ ಸರಿಯುವುದು ಒಂದು ಎಳೆಯಷ್ಟು, ಅಂದರೆ ೫ ಮಿಲಿಮೀಟರು. ಲೆಕ್ಕದ ಪ್ರಕಾರ ಬಲವು ೧೮೮ ಪಟ್ಟು ಹೆಚ್ಚಬೇಕು. ೧೦ ಕಿಲೋಗ್ರಾಂ ಒತ್ತಡ ಕೊಟ್ಟರೆ ದವಡೆಯಲ್ಲಿ ೧೮೮೦! ವಾಸ್ತವದಲ್ಲಿ ಎಳೆಗಳ ಘರ್ಷಣೆಯು ಅದರಲ್ಲಿ ಐದನೆಯ ನಾಲ್ಕು ಪಾಲನ್ನು ನುಂಗಬಹುದು. ಉಳಿಯುವುದು ೪೦೦ಕ್ಕೂ ಕಡಮೆ. ಇದನ್ನು ನಷ್ಟವೆಂದು ಶಪಿಸಬಾರದು. ಆ ಘರ್ಷಣೆಯ ಬಲದಿಂದಲೇ ನಾವು ಕೈ ತೆಗೆದ ಮೇಲೂ ತಿರುಪು ಹಿಂದಕ್ಕೆ ಸುತ್ತದೆ ನಿಲ್ಲುತ್ತದೆ. ಘರ್ಷಣೆಯೇ ಇಲ್ಲದ ವೈಸ್ ಏನನ್ನೂ ಹಿಡಿಯಲಾರದು.

ಕೊಳ್ಳುವವರು ೧೦೦ ಮಿಲಿಮೀಟರು ಅಗಲದ ದವಡೆಯುಳ್ಳದ್ದನ್ನು ಆರಿಸಿದರೆ ಸಾಕು. ದವಡೆಯನ್ನು ಪೂರ್ತಿ ಹೊರಕ್ಕೆಳೆದು ಅಲುಗಾಡಿಸಿ ನೋಡಬೇಕು. ಬಹಳವಾಗಿ ತೂಗಾಡಿದರೆ ಬೇಡ. ಬಣ್ಣ ನೋಡಿ ಮರುಳಾಗಬೇಕಾದುದಿಲ್ಲ. ಅಗ್ಗದ ವೈಸುಗಳು ಸಾಮಾನ್ಯವಾಗಿ ಎರಕದ ಬೀಡುಕಬ್ಬಿಣದವು. ಬೀಡು ಒತ್ತಡವನ್ನು ತಾಳುತ್ತದೆ, ಪೆಟ್ಟನ್ನು ತಾಳದು. ಕಮ್ಮಾರರ ಕಾಲುವೈಸ್ ಬಡಿದು ಮಾಡಿದ ಕಬ್ಬಿಣದ್ದು. ಅದರ ಉದ್ದನೆಯ ಕಾಲು ಸುತ್ತಿಗೆಯ ಪೆಟ್ಟನ್ನು ನೇರವಾಗಿ ನೆಲಕ್ಕೆ ದಾಟಿಸುತ್ತದೆ. ಹಳೆಯದು ಸಿಕ್ಕಿದರೆ ನಾನಂತೂ ಬಿಡುವವನಲ್ಲ.

ಸ್ವತಃ ಮಾಡಿಕೊಳ್ಳುವವರು ಈ ಕಾಲುವೈಸನ್ನೇ ಮರದಲ್ಲಿ ಅನುಕರಿಸಬಹುದು. ಹೊನ್ನೆ ಅಥವಾ ಜಾಲಿಯ ಎರಡು ದಪ್ಪ ತೊಲೆಗಳು. ಒಂದು ಮೇಜಿನ ಕಾಲಿಗೆ ಭದ್ರ, ಇನ್ನೊಂದು ಬುಡದಲ್ಲಿ ಕೀಲಿನ ಮೇಲೆ ಆಡುವಂಥದು. ನಡುವೆ ೨೦ ಮಿಲಿಮೀಟರಿನ ಎಳೆಸರಳು, ಹಿಂಬದಿಯ ತೊಲೆಯಲ್ಲಿ ಹುದುಗಿಸಿದ ನಟ್ಟು. ತಿರುಪನ್ನು ಎಲ್ಲಿ ಇಡಬೇಕು? ಆಡುವ ತೊಲೆಯು ಸನ್ನೆಗೋಲೆಂಬುದನ್ನು ಮರೆಯಬೇಡಿ. ದವಡೆಯು ಕೀಲಿನಿಂದ ೬೦ ಸೆಂಟಿಮೀಟರು ಮೇಲಿದ್ದು ತಿರುಪು ೩೦ರಲ್ಲಿದ್ದರೆ ಹಿಡಿತ ಅರ್ಧಕ್ಕಿಳಿಯುತ್ತದೆ. ೪೫ರಲ್ಲಿದ್ದರೆ ಮುಕ್ಕಾಲು ಉಳಿಯುತ್ತದೆ. ಇನ್ನೂ ಮೇಲಕ್ಕೊಯ್ದರೆ ಬಲ ಹೆಚ್ಚುವುದಾದರೂ ಅಲಗನ್ನು ಇಳಿಬಿಡಲು ಸ್ಥಳ ಸಾಲದು. ಮೇಜಿನ ಎತ್ತರವನ್ನು ದವಡೆಯ ತುದಿ ಮೊಣಕೈಗೆ ಸಮನಾಗುವಂತೆ ಹೊಂದಿಸಿದರೆ ಅರ ಮಟ್ಟವಾಗಿ ಸಾಗುತ್ತದೆ, ಬೆನ್ನೂ ನೋಯುವುದಿಲ್ಲ.

ಉಕ್ಕಿನ ದವಡೆಯ ಹಲ್ಲುಗಳು ಅಲಗಿನ ಮೇಲೆ ಗಾಯ ಮಾಡುತ್ತವೆ. ತಾಮ್ರದ ಅಥವಾ ಅಲ್ಯುಮಿನಿಯಮ್ಮಿನ ತಗಡನ್ನು ಬಗ್ಗಿಸಿ ದವಡೆಗೆ ತೊಡಿಸಬೇಕು. ಹಿಡಿಕೆ ಕೂರಿಸುವಾಗ ಚರ್ಮ ಉತ್ತಮ. ತೆಳ್ಳನೆಯ ಅಲಗನ್ನು ಅಂಚಿನಿಂದ ಹಿಡಿದರೆ ಅರದಡಿಯಲ್ಲಿ ಕಂಪಿಸಿ ಕಿರುಚುತ್ತದೆ. ಹಲಗೆಯೊಂದನ್ನು ವೈಸಿನಲ್ಲಿ ಬಿಗಿದು, ಅಲಗನ್ನು ಅದರ ಮೇಲೆ ಮಲಗಿಸಿ, ಹಿಡಿಕೆಯ ಭಾಗವನ್ನು ಬೋಲ್ಟಿನಿಂದ ಕಟ್ಟುವುದು ಮೇಲು. ಮೊನೆಯು ಹಲಗೆಯಿಂದಾಚೆ ಚಾಚಿರಕೂಡದು. ಊಟಕ್ಕೆದ್ದಾಗ ಕತ್ತಿಯನ್ನು ಬಿಚ್ಚಿ ಪೆಟ್ಟಿಗೆಯಲ್ಲಿಡಿ: ನಿಮ್ಮ ಮೊಣಕೈಯ ಎತ್ತರವೆಂದರೆ ಮನೆಯ ಚಿಕ್ಕ ಮಕ್ಕಳಿಗೆ ಹೆಚ್ಚುಕಡಮೆ ಕಣ್ಣಿನ ಎತ್ತರ.