ಹಳೆಯ ಕಾರಿಗೆ ಬೇಕಾದುದು ಕತ್ತರಿಯಲ್ಲ, ಆರೈಕೆ

ಮಾರುತಿ ಎಸ್ಟೀಮ್ 1994ರಲ್ಲಿ ರಸ್ತೆಗಿಳಿದಾಗ ಮಧ್ಯಮ ವರ್ಗದ ಪಾಲಿಗೆ ಅದೊಂದು ಪ್ರತಿಷ್ಠೆಯ ಸಂಕೇತವಾಗಿತ್ತು. ಅದರ ತಯಾರಿಕೆ ನಿಂತು ಒಂದೂವರೆ ದಶಕ ಮೀರಿದ್ದರೂ ಮೋಹ ಪೂರ್ತಿ ಆರಿಲ್ಲ. ಹಗುರ ದೇಹ, ಚುರುಕಾದ ಎಂಜಿನ್, ನಾಲ್ಕೂ ಚಕ್ರಗಳಿಗೆ ಸ್ವತಂತ್ರ ಸಸ್ಪೆನ್ಷನ್ ಇದ್ದ ಈ ಕಾರನ್ನು ರ‍್ಯಾಲಿ ಚಾಲಕರೂ ಮೆಚ್ಚಿದ್ದರು. ಇಂಥ ಹಳೆಯ ಸೆಡಾನ್‌ಗಳನ್ನು ಉಳಿಸಿಕೊಂಡವರ ದೂರು ಸಾಮಾನ್ಯವಾಗಿ ಒಂದೇ: ತಿರುವಿನಲ್ಲಿ ಕಾರು ಓಲಾಡುತ್ತದೆ, ವೇಗ ಹೆಚ್ಚಿದರೆ ಹಿಡಿತ ತಪ್ಪಿದಂತಾಗುತ್ತದೆ.

ಇದಕ್ಕೆ ಕೆಲವರು ಕಂಡುಕೊಂಡಿರುವ ಅಗ್ಗದ ಉಪಾಯ, ಸ್ಪ್ರಿಂಗಿನ ಒಂದು ಸುತ್ತನ್ನು ಕತ್ತರಿಸುವುದು. ಕಾರು ತಗ್ಗುತ್ತದೆ, ನೋಟಕ್ಕೆ ಗತ್ತು ಬರುತ್ತದೆ. ಆದರೆ ಸುತ್ತು ಕಡಿಮೆಯಾದಷ್ಟೂ ಸ್ಪ್ರಿಂಗ್ ಬಿಗಿಯಾಗುತ್ತದೆ. ಕೆಲಸ ಮಾಡುವ 5 ಸುತ್ತುಗಳಲ್ಲಿ ಒಂದನ್ನು ತೆಗೆದರೆ ಬಿಗಿತ ಶೇ 25ರಷ್ಟು ಏರುತ್ತದೆ. ಚಕ್ರ ಮೇಲೇಳಲು ಇರುವ ಜಾಗವೂ ಕುಗ್ಗುತ್ತದೆ. ಸವೆದ ಶಾಕ್ ಅಬ್ಸಾರ್ಬರ್ ಈ ಬಿಗಿ ಸ್ಪ್ರಿಂಗಿನ ಪುಟಿತವನ್ನು ತಡೆಯಲಾರದು. ಪುಟಿಯುವ ಚಕ್ರಕ್ಕೆ ರಸ್ತೆಯ ಹಿಡಿತವಿಲ್ಲ. ಹಿಡಿತವಿಲ್ಲದ ಚಕ್ರಕ್ಕೆ ಬ್ರೇಕ್ ಹಾಕಿದರೂ ಫಲವಿಲ್ಲ.

ನಮ್ಮ ರಸ್ತೆಗಳಂತೂ ಇಂಥ ಪ್ರಯೋಗವನ್ನು ಕ್ಷಮಿಸುವುದಿಲ್ಲ. ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟುವ ರಸ್ತೆ ಉಬ್ಬು 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ ಇರಬೇಕೆಂದು ಭಾರತೀಯ ರಸ್ತೆ ಕಾಂಗ್ರೆಸ್ ಹೇಳುತ್ತದೆ. ಬೆಂಗಳೂರಿನ ಬಡಾವಣೆಗಳಲ್ಲಿ ಅಂಥ ಉಬ್ಬನ್ನು ಹುಡುಕಿಯೇ ನೋಡಬೇಕು.

ಸರಿಯಾದ ದಾರಿ ನಿಧಾನದ್ದು. ಕಾರು ಹೆಚ್ಚು ಓಡದಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ. ಆದ್ದರಿಂದ ಮೊದಲು ಬಿರುಕುಬಿಟ್ಟ ಬುಷ್‌ಗಳು, ಸಡಿಲಗೊಂಡ ಬಾಲ್ ಜಾಯಿಂಟ್‌ಗಳು ಬದಲಾಗಬೇಕು. ಬಳಿಕ ಶಾಕ್ ಅಬ್ಸಾರ್ಬರ್‌ಗಳನ್ನು ಜೋಡಿಯಾಗಿಯೇ ಹಾಕಿಸಬೇಕು. ಅವು ಸವೆಯುವುದು ದಿನದಿನಕ್ಕೆ ಸ್ವಲ್ಪಸ್ವಲ್ಪವೇ ಆದ್ದರಿಂದ ಚಾಲಕನಿಗೆ ಅದು ಅರಿವಿಗೇ ಬಂದಿರುವುದಿಲ್ಲ. ಕೊನೆಗೆ ಒಳ್ಳೆಯ ಟೈರ್, ವೀಲ್ ಅಲೈನ್‌ಮೆಂಟ್. ಬಹುಪಾಲು ಕಾರುಗಳ ಓಲಾಟ ಇಷ್ಟರಲ್ಲೇ ಹತೋಟಿಗೆ ಬರುತ್ತದೆ.

ಆಮೇಲೂ ಸಾಲದೆನಿಸಿದರೆ ಆ್ಯಂಟಿ ರೋಲ್ ಬಾರ್ ಕುರಿತು ಯೋಚಿಸಬಹುದು. ಎಡಬಲದ ಚಕ್ರಗಳನ್ನು ಬೆಸೆಯುವ ಈ ಕಂಬಿ ತಿರುವಿನಲ್ಲಿ ಕಾರು ವಾಲದಂತೆ ತಡೆಯುತ್ತದೆ. ಎರಡೂ ಚಕ್ರಗಳು ಒಟ್ಟಿಗೆ ಉಬ್ಬು ಹತ್ತಿದಾಗ ಅಡ್ಡಿಪಡಿಸುವುದಿಲ್ಲ. ಒಂದೇ ಚಕ್ರ ಗುಂಡಿಗೆ ಬಿದ್ದರೆ ಮಾತ್ರ ಅದರ ಹೊಡೆತ ಇನ್ನೊಂದಕ್ಕೂ ತಲುಪುತ್ತದೆ. ಮುಂದಿನ ಕಂಬಿಯನ್ನು ಅತಿಯಾಗಿ ದಪ್ಪಗೊಳಿಸಿದರೆ ಕಾರು ತಿರುವಿನಿಂದ ಹೊರಕ್ಕೆ ಜಾರತೊಡಗುತ್ತದೆ. ಲಾಭವೆಲ್ಲಕ್ಕೂ ಇಲ್ಲಿ ಬೆಲೆಯಿದೆ.

ಕಾನೂನನ್ನೂ ಮರೆಯುವಂತಿಲ್ಲ. ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾದ ಮಾರ್ಪಾಡನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ನಿರ್ಬಂಧಿಸುತ್ತದೆ. ಸುಪ್ರೀಂ ಕೋರ್ಟ್ 2019ರಲ್ಲಿ ಇದನ್ನು ಎತ್ತಿಹಿಡಿದಿದೆ. ಸವೆದ ಭಾಗದ ಜಾಗದಲ್ಲಿ ಅದೇ ಅಳತೆಯ ಹೊಸ ಭಾಗ ಕೂಡಿಸುವವರು ಇದಕ್ಕೆ ಅಂಜಬೇಕಿಲ್ಲ.

ಹದಿನೈದು ವರ್ಷ ತುಂಬಿದ ಖಾಸಗಿ ಕಾರು ನೋಂದಣಿ ನವೀಕರಣಕ್ಕಾಗಿ ಆರ್‌ಟಿಒ ಮುಂದೆ ನಿಲ್ಲಲೇಬೇಕು. ಅಲ್ಲಿ ಹೊಗೆಯನ್ನು ನೋಡುವಷ್ಟೇ ಶ್ರದ್ಧೆಯಿಂದ ಕಾರಿನ ಅಡಿಭಾಗವನ್ನೂ ಬಗ್ಗಿ ನೋಡುವಂತಾಗಬೇಕು. ಮಾಲೀಕನ ಮೋಹ ಅವನ ಸ್ವಂತದ್ದು. ಆದರೆ ಅವನ ಕಾರು ತಿರುವಿನಲ್ಲಿ ಹಿಡಿತ ತಪ್ಪಿದರೆ ಎದುರಿನಿಂದ ಬರುವ ಸ್ಕೂಟರಿನವನೂ ಅದರ ಬೆಲೆ ತೆರಬೇಕಾಗುತ್ತದೆ.