ಅಳಲಿಕ್ಕೊಂದು ಜಾಗ

ಎಡಸ್ತನ ತೆಗೆಸಿಕೊಂಡು ಅಕ್ಕ ಮನೆಗೆ ಬಂದ ವಾರ ನೆಂಟರೆಲ್ಲ ಎಳನೀರು, ದಾಳಿಂಬೆ ಹಿಡಿದು ಬಂದರು. ಬಾಗಿಲಲ್ಲೇ ಕಣ್ಣು ತುಂಬಿಕೊಂಡವರನ್ನು ಅಕ್ಕನೇ ಕೂರಿಸಿ ಸಮಾಧಾನ ಮಾಡಿದಳು. ‘ಧೈರ್ಯ ಅಂದ್ರೆ ನಿಮ್ಮಕ್ಕಂದು ಕಣಮ್ಮ’ ಎಂದು ಹೇಳಿ ಹೊರಟರು. ಅವತ್ತು ರಾತ್ರಿ ಎರಡು ಗಂಟೆಗೆ ಅಡುಗೆಮನೆಯ ದೀಪ ಉರಿಯುತ್ತಿತ್ತು. ಹೋಗಿ ನೋಡಿದರೆ, ತೊಳೆದಿಟ್ಟ ಡಬ್ಬಿಗಳನ್ನೇ ಒಂದೇ ಕೈಯಲ್ಲಿ ಮತ್ತೆ ಒರೆಸುತ್ತ ನಿಂತಿದ್ದಳು. ‘ಯಾರ ಹತ್ರ ಹೇಳ್ಕೊಳ್ಲಿ ಹೇಳು? ಹೇಳಿದ್ರೆ ಅವರೇ ಅಳ್ತಾರೆ.’

ಅಲ್ಲಿಂದ ಶುರುವಾಯಿತು ನಮ್ಮ ಹುಡುಕಾಟ.

ಮೊದಲು ಸಿಕ್ಕ ಕೌನ್ಸೆಲರ್ ಮೃದು ಸ್ವಭಾವದವರು. ಪಾಸಿಟಿವ್ ಆಗಿರಿ, ಮನಸ್ಸು ಗಟ್ಟಿಯಿದ್ದರೆ ಕಾಯಿಲೆಯನ್ನು ಗೆಲ್ಲಬಹುದು ಎಂದರು. ಬಸ್ಸಿನಲ್ಲಿ ಬರುವಾಗ ಅಕ್ಕ ಕಿಟಕಿಯಾಚೆ ನೋಡುತ್ತಲೇ ಕೇಳಿದಳು: ‘ಗೆಲ್ಲದೇ ಹೋದ್ರೆ ಅದೂ ನಂದೇ ತಪ್ಪಾ?’ ನನ್ನ ಬಳಿ ಉತ್ತರವಿರಲಿಲ್ಲ. ಓದಿಕೊಂಡ ಮೇಲೆ ಸಿಕ್ಕಿತು. ಹರಡಿದ ಸ್ತನ ಕ್ಯಾನ್ಸರ್ ಇರುವ ಮಹಿಳೆಯರು ಚಿಕಿತ್ಸಕರೊಂದಿಗೆ ಗುಂಪಾಗಿ ಕೂತು ಮಾತಾಡಿದ್ದರಿಂದ ಹೆಚ್ಚು ಕಾಲ ಬದುಕಿದರು ಎಂದು ಅಮೆರಿಕದ ಮನೋವೈದ್ಯ ಡೇವಿಡ್ ಸ್ಪೀಗಲ್ 1989ರಲ್ಲಿ ವರದಿ ಮಾಡಿದ್ದರು. 2001ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನದಲ್ಲಿ ಆಯಸ್ಸು ಹೆಚ್ಚಿದ್ದು ಕಾಣಲಿಲ್ಲ. ಆದರೆ ತೀರಾ ಕುಗ್ಗಿದ್ದವರ ಸಂಕಟವೂ ನೋವೂ ಇಳಿದಿದ್ದವು. ಮನೋಚಿಕಿತ್ಸೆಯಿಂದ ಕೇಳಬೇಕಾದದ್ದು ಇಷ್ಟೇ, ಮತ್ತು ಇದು ಸಣ್ಣದಲ್ಲ. ಗೆಡ್ಡೆಯ ಹೊಣೆಯನ್ನು ರೋಗಿಯ ಮನಸ್ಸಿನ ಮೇಲೆ ಹೊರಿಸುವ ಮಾತು ಎಷ್ಟೇ ಪ್ರೀತಿಯಿಂದ ಬಂದರೂ ಕ್ರೂರವೇ.

ಎರಡನೆಯವರು ಮನೋವೈದ್ಯರು. ಎಂಡಿ ಓದಿದವರು, ಮಾತ್ರೆ ಬರೆಯಬಲ್ಲವರು. ಬರೆದುಕೊಟ್ಟರು ಕೂಡ. ಆದರೆ ಅಕ್ಕ ಆಗಲೇ ನುಂಗುತ್ತಿದ್ದ ಮಾತ್ರೆಗಳ ಪಟ್ಟಿ ಕೇಳಲಿಲ್ಲ. ಚೀಟಿ ನೋಡಿದ ಕ್ಯಾನ್ಸರ್ ವೈದ್ಯರು ತಡೆದರು. ಅವಳು ನುಂಗುತ್ತಿದ್ದ ಟಮಾಕ್ಸಿಫೆನ್ ದೇಹದೊಳಗೆ ಒಂದು ಕಿಣ್ವದ ನೆರವಿನಿಂದ ಹೆಚ್ಚು ಬಲವಾದ ರೂಪಕ್ಕೆ ತಿರುಗಿ ಕೆಲಸ ಮಾಡುವ ಔಷಧ. ಖಿನ್ನತೆಗೆ ಕೊಡುವ ಪ್ಯಾರಾಕ್ಸೆಟಿನ್, ಫ್ಲೂಆಕ್ಸೆಟಿನ್‌ನಂಥ ಮಾತ್ರೆಗಳು ಆ ಕಿಣ್ವವನ್ನೇ ಕಟ್ಟಿಹಾಕುತ್ತವೆ. ಹಾಗೆ ಅಡ್ಡಬಾರದ ಬೇರೆ ಮಾತ್ರೆಗಳಿವೆ. ವೆನ್ಲಾಫ್ಯಾಕ್ಸಿನ್ ಅಂತೂ ಟಮಾಕ್ಸಿಫೆನ್ ತರುವ ಮೈಬಿಸಿಯನ್ನೂ ತಗ್ಗಿಸುತ್ತದೆ. ಟಮಾಕ್ಸಿಫೆನ್ ಐದು ವರ್ಷ, ಕೆಲವರಿಗೆ ಹತ್ತು ವರ್ಷ ನಡೆಯುವುದರಿಂದ ಈ ಎಚ್ಚರ ಒಂದು ದಿನದ್ದಲ್ಲ. ಮನೋವೈದ್ಯರ ಕೋಣೆಗೆ ಕ್ಯಾನ್ಸರ್ ಫೈಲು ಒಯ್ಯಲೇಬೇಕು. ಯಾವುದೇ ಮಾತ್ರೆಯನ್ನು ನಾವಾಗಿ ನಿಲ್ಲಿಸಲೂಬಾರದು.

ಅಷ್ಟು ಹೊತ್ತಿಗೆ ಇನ್ನೊಂದು ತಿಳಿದಿತ್ತು. ಕೌನ್ಸೆಲರ್ ಎಂಬ ಹಲಗೆ ಯಾರ ಬಾಗಿಲಲ್ಲೂ ಇರಬಹುದು. ಕ್ಲಿನಿಕಲ್ ಸೈಕಾಲಜಿಸ್ಟ್ ಆದವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು. ನೋಂದಣಿ ಸಂಖ್ಯೆ ಕೇಳುವುದು ಅವಮಾನವಲ್ಲ. ಕ್ಯಾನ್ಸರ್ ರೋಗಿಗಳ ಜೊತೆ ಕೆಲಸ ಮಾಡಿದ್ದೀರಾ ಎಂಬುದನ್ನೂ ಕೇಳಿ. ಕೀಮೋ ಜೊತೆಗಿನ ಸ್ಟೀರಾಯ್ಡ್ ಎರಡು ಮೂರು ದಿನ ನಿದ್ದೆ ಕೆಡಿಸುತ್ತದೆ, ರಕ್ತಹೀನತೆಯ ಸುಸ್ತು ಖಿನ್ನತೆಯ ಹಾಗೇ ಕಾಣುತ್ತದೆ ಎಂದು ಬಲ್ಲವರಿಗೆ ಅರ್ಧ ಕಥೆ ಹೇಳಬೇಕಿಲ್ಲ.

ಬೆಂಗಳೂರಿನಲ್ಲಿ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಮತ್ತು ಮಾನಸಿಕ ಕಾಯಿಲೆಗಳನ್ನು ನೋಡುವ ನಿಮ್ಹಾನ್ಸ್ ಅಕ್ಕಪಕ್ಕದಲ್ಲೇ ಇವೆ. ಊರಿಂದ ಕಿದ್ವಾಯಿಗೆ ಬಂದವರು ರೇಡಿಯೇಶನ್ ಸರದಿಗಾಗಿ ವಾರಗಟ್ಟಲೆ ಕಾಯುತ್ತಾರೆ. ನಿಮ್ಹಾನ್ಸ್ ಕಡೆ ಹೋಗಿಬರೋಣ ಅಂದರೆ ಮಾತ್ರ ಮುಖ ಗಂಟಾಗುತ್ತದೆ. ‘ನಂಗೇನು ಹುಚ್ಚಾ?’ ಅಂದಿದ್ದಳು ಅಕ್ಕನೂ. ನ್ಯೂಯಾರ್ಕಿನ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಆಸ್ಪತ್ರೆಯಲ್ಲಿ 1977ರಿಂದ ಮನೋವೈದ್ಯ ವಿಭಾಗ ಕಟ್ಟಿದ ಜಿಮ್ಮಿ ಹಾಲೆಂಡ್ ಈ ಅಂಜಿಕೆಯನ್ನು ಬಲ್ಲವರಾಗಿದ್ದರು. ಅವರೂ ಸಂಗಡಿಗರೂ ಖಿನ್ನತೆ, ಕಾಯಿಲೆ ಎಂಬ ಮಾತು ಬಿಟ್ಟು, ಥರ್ಮಾಮೀಟರಿನ ಚಿತ್ರ ತೋರಿಸಿ, ಈ ವಾರ ನಿಮ್ಮ ಸಂಕಟ 0ಯಿಂದ 10ರಲ್ಲಿ ಎಷ್ಟು ಎಂದು ಕೇಳುವ ಕ್ರಮ ತಂದರು. 4 ಅಥವಾ ಅದಕ್ಕಿಂತ ಹೆಚ್ಚಿದ್ದರೆ ವಿವರವಾಗಿ ವಿಚಾರಿಸಬೇಕು. ನಮ್ಮಲ್ಲಿ ಜ್ವರ ನೋಡುವಷ್ಟೇ ಸಹಜವಾಗಿ ಪ್ರತಿ ವಾರ್ಡಿನಲ್ಲಿ ಇದನ್ನು ಕೇಳುವಂತಾಗಬೇಕು ಎಂಬುದು ನನ್ನ ಆಸೆ.

ನಮ್ಮ ಹುಡುಕಾಟದಲ್ಲಿ ಸಿಕ್ಕ ಮೂರನೆಯ ಚಿಕಿತ್ಸಕರು ಕನ್ನಡದಲ್ಲೇ ಕೇಳಿದರು: ‘ದಿನದಲ್ಲಿ ಯಾವ ಹೊತ್ತು ತಡ್ಕೊಳ್ಳಕ್ಕೆ ಆಗಲ್ಲ ಅಮ್ಮಾ?’

ಅಕ್ಕ ಬಹಳ ಹೊತ್ತು ಸುಮ್ಮನಿದ್ದು, ‘ಸ್ನಾನದ ಹೊತ್ತು’ ಎಂದಳಂತೆ. ನಾನು ಹೊರಗಿನ ಬೆಂಚಿನಲ್ಲಿದ್ದೆ. ಮೊದಲ ಕೌನ್ಸೆಲರ್ ಹತ್ತಿರ ಇಂಗ್ಲಿಷಿನಲ್ಲಿ ಸ್ಟ್ರೆಸ್, ಆಂಗ್ಸೈಟಿ ಎಂದಷ್ಟೇ ಹೇಳಿ ಬಂದಿದ್ದವಳು ಅವತ್ತು ಜೀವ ಹಿಂಡುತ್ತೆ, ಹೊಟ್ಟೆ ಒಳಗೆ ಕಿವುಚುತ್ತೆ, ಯಾರೂ ಬೇಡ ಅನ್ಸುತ್ತೆ ಎಂದೆಲ್ಲ ಹೇಳಿಕೊಂಡಳು. ಚಿಕಿತ್ಸಕರು ಯಾವುದನ್ನೂ ತಿದ್ದಲಿಲ್ಲ, ಧೈರ್ಯ ಹೇಳಲಿಲ್ಲ. ಹೊರಗೆ ಬಂದಾಗ ಅವಳ ಸೆರಗು ಒದ್ದೆಯಾಗಿತ್ತು. ‘ಅವರು ಅಳಲಿಲ್ಲ ಕಣೇ’ ಎಂದಳು, ಅದೇ ದೊಡ್ಡ ಉಪಕಾರವೆಂಬಂತೆ.

ಬೆಂಗಳೂರು ದೂರವಾದವರಿಗೆ 14416 ಇದೆ. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ ಅದು. ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡಬಹುದು. ಜಿಲ್ಲಾಸ್ಪತ್ರೆಯ ಮನೋವೈದ್ಯ ವಿಭಾಗದಲ್ಲೂ ವಿಚಾರಿಸಬಹುದು.

ಅಕ್ಕನಿಗೀಗ ಆರು ತಿಂಗಳಿಗೊಮ್ಮೆ ತಪಾಸಣೆ. ಅದಕ್ಕೆ ಹತ್ತು ದಿನ ಮೊದಲೇ ಅವಳ ನಿದ್ದೆ ಹೋಗುತ್ತದೆ. ಹಾಗಾಗಿ ಹಿಂದಿನ ವಾರವೇ ಮನೋಚಿಕಿತ್ಸಕರಲ್ಲಿ ಸಮಯ ಕೇಳಿರುತ್ತಾಳೆ. ಎರಡೂ ಚೀಟಿಗಳನ್ನು ಒಂದೇ ಫೈಲಿನಲ್ಲಿ, ಒಂದೇ ಪಿನ್ನಿನಲ್ಲಿ ಸೇರಿಸಿಟ್ಟಿದ್ದಾಳೆ.