ಕ್ಯಾಮೆರಾ ಸೆನ್ಸರ್ ಪಿನ್ನುಗಳ ನಾಮಕರಣ: ಸಣ್ಣ ಉದ್ದಿಮೆದಾರರು ಅರಿಯಬೇಕಾದ ಸಂಗತಿ

ವ್ಯಾಪಾರದಲ್ಲಿ ಸರಕಿನ ಹೆಸರು ಸ್ಪಷ್ಟವಾಗಿಲ್ಲದಿದ್ದರೆ ತಕರಾರು ತಪ್ಪದು. ಅಚ್ಚು ಬೆಲ್ಲಕ್ಕೆ ದರ ಕುದುರಿಸಿಕೊಂಡು ಬಕೆಟ್ ಬೆಲ್ಲ ಕಳುಹಿಸಿದರೆ ಮಂಡ್ಯದ ಮಾರುಕಟ್ಟೆಯಲ್ಲಿ ಯಾರೂ ಒಪ್ಪುವುದಿಲ್ಲ. ಊರಿಗೊಂದು ಸೇರು, ಸೀಮೆಗೊಂದು ಕೊಳಗವೆಂಬ ಗೊಂದಲವನ್ನು ನಿವಾರಿಸುವ ಸಲುವಾಗಿಯೇ 1956ರಲ್ಲಿ ತೂಕ ಮತ್ತು ಅಳತೆಗಳ ಮಾನಕ ಕಾಯಿದೆಯನ್ನು ರೂಪಿಸಲಾಯಿತು. ಇಂಥದೇ ಗೊಂದಲವೊಂದು ಇಂದು ಯಂತ್ರಗಳೊಳಗಿನ ಕ್ಯಾಮೆರಾಗಳಲ್ಲಿಯೂ ಇದೆ.

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಹಾಗೂ ನಾಗಮಂಗಲ ತಾಲ್ಲೂಕುಗಳ ಉದ್ದಿಮೆದಾರರಿಗೆ ಕ್ಯಾಮೆರಾ ಅಪರಿಚಿತವಲ್ಲ. ಬಣ್ಣಗೆಟ್ಟ ಅಕ್ಕಿಕಾಳನ್ನು ಗುರುತಿಸಿ ಗಾಳಿಯ ಹೊಡೆತದಿಂದ ಹೊರದೂಡುವ ಸಾರ್ಟೆಕ್ಸ್ ಯಂತ್ರದ ಕಣ್ಣು ಕ್ಯಾಮೆರಾವೇ. ಅಂಗಡಿಯ ಸಿಸಿಟಿವಿ, ಮುಖ ಗುರುತಿಸುವ ಹಾಜರಿ ಯಂತ್ರಗಳಲ್ಲಿಯೂ ಅದೇ ಇದೆ. ಇಂಥ ಉಪಕರಣಗಳಲ್ಲಿ ಅನೇಕವು ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯಿಂದ ನಡೆಯುತ್ತವೆ.

ಸೆನ್ಸರಿಗೆ ವಿದ್ಯುತ್ ಕೊಟ್ಟ ಮಾತ್ರಕ್ಕೆ ಅದು ಕೆಲಸ ಆರಂಭಿಸುವುದಿಲ್ಲ. ಅದನ್ನು ತಡೆಹಿಡಿಯುವ ರೀಸೆಟ್ ಪಿನ್ನು, ನಿದ್ರಾವಸ್ಥೆಗೆ ಕಳುಹಿಸುವ ಪವರ್‌ಡೌನ್ ಪಿನ್ನು ಮುಂತಾದವನ್ನು ಸರಿಯಾದ ಕ್ರಮದಲ್ಲಿ ಬಿಡುಗಡೆ ಮಾಡಬೇಕು. ಯಾವ ಪಿನ್ನು ಎಲ್ಲಿಗೆ ಜೋಡಣೆಯಾಗಿದೆ ಎಂಬುದನ್ನು ಲಿನಕ್ಸಿಗೆ ತಿಳಿಸುವ ಪಟ್ಟಿಗೆ ಡಿವೈಸ್ ಟ್ರೀ ಎಂದು ಹೆಸರು.

ತೊಡಕು ಇರುವುದು ಇಲ್ಲಿಯೇ. ಒಂದೇ ಕೆಲಸದ ಪಿನ್ನಿಗೆ ತಯಾರಕರು ಬೇರೆ ಬೇರೆ ಹೆಸರಿಡುತ್ತಾರೆ. ಸೋನಿಯ ಐಎಂಎಕ್ಸ್219 ಸೆನ್ಸರಿನಲ್ಲಿ ಅದು ‘ಎಕ್ಸ್‌ಸಿಎಲ್‌ಆರ್’; ಆಮ್ನಿವಿಷನ್ ಸೆನ್ಸರುಗಳಲ್ಲಿ ‘ರೀಸೆಟ್‌ಬಿ’ ಅಥವಾ ‘ಎಕ್ಸ್‌ಶಟ್‌ಡೌನ್’. ಹೆಸರಿನ ಮೊದಲಿಗೆ ‘ಎಕ್ಸ್’ ಅಥವಾ ಕೊನೆಗೆ ‘ಬಿ’ ಇದ್ದರೆ, ವೋಲ್ಟೇಜ್ ಕೆಳಮಟ್ಟದಲ್ಲಿರುವಾಗ ಆ ಪಿನ್ನು ಸಕ್ರಿಯವೆಂದು ಸಾಮಾನ್ಯವಾಗಿ ಅರ್ಥ. ಲಿನಕ್ಸ್ ಪದ್ಧತಿಯು ಇವೆಲ್ಲವನ್ನೂ ಬದಿಗಿಟ್ಟು, ಪಿನ್ನು ಮಾಡುವ ಕೆಲಸದ ಮೇಲೆ ಹೆಸರಿಡುತ್ತದೆ: ‘ರೀಸೆಟ್-ಜಿಪಿಐಓಸ್’, ‘ಪವರ್‌ಡೌನ್-ಜಿಪಿಐಓಸ್’. ಸಕ್ರಿಯವಾಗುವುದು ಕೆಳಮಟ್ಟದಲ್ಲೋ ಮೇಲ್ಮಟ್ಟದಲ್ಲೋ ಎಂಬುದನ್ನು ಹೆಸರಿನ ಜೊತೆಗೆ ಪ್ರತ್ಯೇಕ ಗುರುತಿನಿಂದ ಸೂಚಿಸಲಾಗುತ್ತದೆ.

ಈ ಗುರುತು ಏಕೆ ಮುಖ್ಯವೆಂಬುದಕ್ಕೆ ಓವಿ5640 ಉತ್ತಮ ನಿದರ್ಶನ. ಅದರ ರೀಸೆಟ್ ಪಿನ್ನು ಕೆಳಮಟ್ಟದಲ್ಲಿ ಸಕ್ರಿಯ; ಪವರ್‌ಡೌನ್ ಪಿನ್ನು ಮೇಲ್ಮಟ್ಟದಲ್ಲಿ ಸಕ್ರಿಯ. ಗುರುತು ತಿರುವುಮುರುವಾದರೆ ಸೆನ್ಸರ್ ತಡೆಯಲ್ಲಿಯೇ ಉಳಿದು, ಗಣಕದ ಕರೆಗೆ ಓಗೊಡುವುದಿಲ್ಲ. ‘ಕ್ಯಾಮೆರಾ ಇಲ್ಲ’ ಎಂಬ ಸಂದೇಶ ಕಂಡ ಮಾಲೀಕರು, ಕೆಟ್ಟಿಲ್ಲದ ಬೋರ್ಡನ್ನು ಬದಿಗೆಸೆದು ಹೊಸದಕ್ಕೆ ಹಣ ತೆರುತ್ತಾರೆ.

ಇದಕ್ಕಿಂತ ಅಪಾಯಕರವಾದುದು ಎರಡು ತಪ್ಪುಗಳು ಪರಸ್ಪರ ಮುಚ್ಚಿಹೋಗುವ ಸ್ಥಿತಿ. ಪಟ್ಟಿಯಲ್ಲಿ ಗುರುತು ತಪ್ಪಾಗಿದ್ದು, ಚಾಲಕ ತಂತ್ರಾಂಶವೂ ಉಲ್ಟಾ ಬರೆದಿದ್ದರೆ ಯಂತ್ರ ಸುಸೂತ್ರವಾಗಿ ನಡೆಯುತ್ತದೆ. ತಂತ್ರಾಂಶವನ್ನು ಮಾತ್ರ ನವೀಕರಿಸಿದ ದಿನ ಕ್ಯಾಮೆರಾ ನಿಂತುಹೋಗುತ್ತದೆ. ಸುಗ್ಗಿಯ ಕಾಲದಲ್ಲಿ ಗಿರಣಿ ಒಂದು ದಿನ ನಿಂತರೆ ಆಗುವ ನಷ್ಟವನ್ನು ಓದುಗರಿಗೆ ವಿವರಿಸಬೇಕಾಗಿಲ್ಲ.

ಪದ್ಧತಿ ರೂಪುಗೊಳ್ಳುವ ಮುನ್ನ ಬಂದ ಹೆಸರುಗಳೂ ಉಳಿದುಕೊಂಡಿವೆ. 2013ರ ಮೊದಲ ರಾಸ್ಪ್‌ಬೆರಿ ಪೈ ಕ್ಯಾಮೆರಾದಲ್ಲಿದ್ದ ಓವಿ5647ರ ಲಿನಕ್ಸ್ ವಿವರಣೆಯಲ್ಲಿ ‘ಪಿಡಬ್ಲ್ಯುಡಿಎನ್-ಜಿಪಿಐಓಸ್’ ಎಂಬ ಹ್ರಸ್ವರೂಪವಿದೆ. ಹಳೆಯ ಹೆಸರನ್ನು ಏಕಾಏಕಿ ಬದಲಿಸಿದರೆ, ಅದನ್ನೇ ನಂಬಿ ತಯಾರಾದ ಉಪಕರಣಗಳು ಕೆಡುತ್ತವೆ.

ಆದ್ದರಿಂದ ಕ್ಯಾಮೆರಾ ಇರುವ ಯಂತ್ರವನ್ನು ಕೊಳ್ಳುವವರೂ ತಯಾರಿಸುವವರೂ ಈ ಅಂಶಗಳನ್ನು ಪಾಲಿಸುವುದು ಒಳಿತು:

1. ಸೆನ್ಸರಿನ ಮಾದರಿ ಸಂಖ್ಯೆ, ಪಿನ್ನುಗಳ ಜೋಡಣಾ ನಕ್ಷೆ ಹಾಗೂ ಡಿವೈಸ್ ಟ್ರೀ ಕಡತವನ್ನು ಸರಬರಾಜುದಾರರಿಂದ ಬರಹದಲ್ಲಿ ಪಡೆಯಬೇಕು.

2. ಸ್ವಂತ ಬೋರ್ಡ್ ರೂಪಿಸುವವರು ತಮ್ಮದೇ ಹೆಸರು ಹುಟ್ಟಿಸದೆ, ಲಿನಕ್ಸ್ ದಾಖಲೆಗಳಲ್ಲಿ ಒಪ್ಪಿತವಾದ ಹೆಸರನ್ನೇ ಬಳಸಬೇಕು.

3. ಬದಲಿ ಬೋರ್ಡಿಗೆ ಆದೇಶ ನೀಡುವ ಮೊದಲು ಪಿನ್ನಿನ ಗುರುತನ್ನು ತಂತ್ರಜ್ಞರಿಂದ ಪರೀಕ್ಷಿಸಬೇಕು.

ಸರಬರಾಜುದಾರರು ಬದಲಾಗಬಹುದು, ಯಂತ್ರ ಜೋಡಿಸಿದವರು ಊರು ಬಿಡಬಹುದು. ಹೆಸರು ಒಪ್ಪಿತವಾಗಿದ್ದು ಕಡತ ಕೈಯಲ್ಲಿದ್ದರೆ, ಬೇರೊಬ್ಬ ತಂತ್ರಜ್ಞರು ಬಂದು ಯಂತ್ರವನ್ನು ನಡೆಸಿಕೊಡಬಲ್ಲರು.